ತುಮಕೂರಲ್ಲೇ ಕ್ಲಾಸು, ಯೂನಿವರ್ಸಿಟಿ ಮಾತ್ರ ಬೇರೆ ರಾಜ್ಯದ್ದು. ಸೇರಿಸಬಹುದಾ?

ಮಧುಗಿರಿ ಬೆಟ್ಟ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್. ನನ್ನ ತಂಗಿ ಈ ಸಲ ಪಿಯುಸಿ ಕಾಮರ್ಸ್ ಪಾಸಾದಳು. ಬಿಸಿಎ ಮಾಡಬೇಕು ಅಂತ ಆಸೆ. ಬಿ.ಎಚ್. ರಸ್ತೆಯಲ್ಲಿ ಒಂದು ಮೊಬೈಲ್ ಅಂಗಡಿ ಮೇಲಿನ ಮಹಡಿಯಲ್ಲಿ ಅಡ್ಮಿಷನ್ ಮಾಡಿಸುವ ಆಫೀಸ್ ಇದೆ. ಅವರ ಹುಡುಗ ಕಾಲೇಜ್ ಗೇಟ್ ಹತ್ತಿರ ಪಾಂಪ್ಲೆಟ್ ಕೊಟ್ಟಿದ್ದ, ಅದನ್ನು ಹಿಡಿದುಕೊಂಡು ಅಪ್ಪ ಹೋಗಿ ಬಂದರು. ಉತ್ತರದ ಕಡೆಯ ಒಂದು ಪ್ರೈವೇಟ್ ಯೂನಿವರ್ಸಿಟಿಯ ಬಿಸಿಎ ಅಂತೆ. ಕ್ಲಾಸು, ಪರೀಕ್ಷೆ ಎರಡೂ ತುಮಕೂರಲ್ಲೇ. ಸರ್ಟಿಫಿಕೇಟಲ್ಲಿ 'ರೆಗ್ಯುಲರ್' ಅಂತಲೇ ಬರುತ್ತದಂತೆ. ವರ್ಷಕ್ಕೆ 45,000. ಅಪ್ಪ ಆಗಲೇ 8,000 ಅಡ್ವಾನ್ಸ್ ಕೊಟ್ಟು, ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಒರಿಜಿನಲ್ ಅಂಕಪಟ್ಟಿಗಳನ್ನೂ ಕೊಟ್ಟು ಬಂದಿದ್ದಾರೆ. ಪಾಂಪ್ಲೆಟಲ್ಲಿ 'ಯುಜಿಸಿ ಅಪ್ರೂವ್ಡ್, ನ್ಯಾಕ್ ಎ ಪ್ಲಸ್, ಐಎಸ್‌ಒ 9001, ಭಾರತ ಸರ್ಕಾರದಿಂದ ನೋಂದಣಿ' ಅಂತೆಲ್ಲ ಇದೆ. ನನಗೆ ಯಾಕೋ ಹೊಟ್ಟೆಯೊಳಗೆ ಒಂಥರಾ. ಯಾರಿಗಾದರೂ ಇದರ ಬಗ್ಗೆ ಗೊತ್ತಾ?

ಬಿಎಚ್ ರೋಡ್ ಬಸ್ಸು
ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ ವೆಬ್‌ಸೈಟಲ್ಲಿ ಆ ಯೂನಿವರ್ಸಿಟಿ ಹೆಸರು ಇದೆಯಾ ನೋಡಿ ಗುರು. ಇದ್ದರೆ ಕಣ್ಣು ಮುಚ್ಚಿ ಸೇರಿಸಿ. ಇಲ್ಲದಿದ್ದರೆ ಬಿಟ್ಟುಬಿಡಿ. ಇಷ್ಟೇ.

ಮಧುಗಿರಿ ಬೆಟ್ಟ
ಈಗಷ್ಟೇ ನೋಡಿದೆ. ರಾಜ್ಯಗಳ ಖಾಸಗಿ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಹೆಸರು ಇದೆ! ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಇಲ್ಲ. ಹಾಗಾದರೆ ಓಕೆ ಅಲ್ವಾ?

ಶಿಡ್ಲಘಟ್ಟದ ಗೂಡು
ತಡೀರಿ ತಡೀರಿ. ಕಣ್ಣು ಮುಚ್ಚಿ ಅಲ್ಲ, ಎರಡೂ ಕಣ್ಣು ಬಿಟ್ಟುಕೊಂಡೇ ನೋಡಬೇಕಾದ ವಿಷಯ ಇದು. ನಮ್ಮ ಚಿಕ್ಕಪ್ಪನ ಮಗನಿಗೆ ಆಗಿದ್ದು ಹೇಳುತ್ತೇನೆ. ಹೆಸರೆಲ್ಲ ಬೇಡ. ಇದೇ ಥರ 'ಇಲ್ಲೇ ಕ್ಲಾಸು, ಅಲ್ಲಿಯ ಡಿಗ್ರಿ'. ಚಿಕ್ಕಪ್ಪ ಎರಡು ಬೆಳೆ ರೇಷ್ಮೆಗೂಡು ಮಾರಿದ ದುಡ್ಡು ಪೂರ್ತಿ ಅದಕ್ಕೇ ಸುರಿದರು. ಮೂರು ವರ್ಷ ಆಯಿತು, ಸರ್ಟಿಫಿಕೇಟ್ ಬಂತು. ಚಿನ್ನದ ಬಣ್ಣದ ಲಾಂಛನ, ಉಬ್ಬು ಮುದ್ರೆ, ನೋಡಲು ನನ್ನ ಡಿಗ್ರಿಗಿಂತ ಲಕ್ಷಣವಾಗಿತ್ತು, ಸತ್ಯವಾಗಿ ಹೇಳುತ್ತೇನೆ. ಚಿಕ್ಕಮ್ಮ ಲ್ಯಾಮಿನೇಷನ್ ಬೇರೆ ಮಾಡಿಸಿದರು. ಆಮೇಲೆ ಅವನ ಹೆಸರು ಒಂದು ಸರ್ಕಾರಿ ಹುದ್ದೆಯ ಆಯ್ಕೆಪಟ್ಟಿಯಲ್ಲಿ ಬಂತು. ಮನೆಯಲ್ಲಿ ಹಬ್ಬ. ದಾಖಲೆ ಪರಿಶೀಲನೆಯಲ್ಲಿ ಅಂಕಪಟ್ಟಿಯನ್ನು ನೈಜತೆಗೆ ಅಂತ ಆ ಯೂನಿವರ್ಸಿಟಿಗೇ ಕಳಿಸಿದರು. ಅಲ್ಲಿಂದ ಒಂದೇ ಸಾಲಿನ ಉತ್ತರ ಬಂತು: ಈ ನೋಂದಣಿ ಸಂಖ್ಯೆ ನಮ್ಮ ದಾಖಲೆಯಲ್ಲಿ ಇಲ್ಲ.

ಯೂನಿವರ್ಸಿಟಿ ಅಸಲಿ. ಸರ್ಟಿಫಿಕೇಟ್ ನಕಲಿ. ಇವನ ಹೆಸರು ಅಲ್ಲಿಯ ರಿಜಿಸ್ಟರಿಗೆ ಯಾವತ್ತೂ ಹತ್ತಿರಲೇ ಇಲ್ಲ. ಕೆಲಸ ಹೋಗಿದ್ದು ಬಿಡಿ, ಪೊಲೀಸ್ ಕೇಸ್ ಆಗುತ್ತದೇನೋ ಅಂತ ಆರು ತಿಂಗಳು ಹೆದರಿಕೊಂಡೇ ಇದ್ದ. ಆ ಆಫೀಸ್ ಇದ್ದ ಜಾಗದಲ್ಲಿ ಈಗ ಬೇಕರಿ ಇದೆ.

ಹಳೇ ಗುಮಾಸ್ತ
ನಾನು ಕೋಲಾರದವನು. ಕಾಲೇಜ್ ಆಫೀಸುಗಳಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ರಿಟೈರ್ ಆಗಿದ್ದೇನೆ. ಅಡ್ಮಿಷನ್, ಅಫಿಲಿಯೇಷನ್ ಕಡತ ಎರಡನ್ನೂ ನೋಡಿದ ಕೈ. ಬಿಎಚ್ ರೋಡ್ ಅವರೇ, ನೀವು ಹೇಳಿದ್ದು ಅರ್ಧ ಸರಿ. ಆದರೆ ಜನ ಮೋಸ ಹೋಗುವುದು ಉಳಿದ ಅರ್ಧದಲ್ಲಿ.

ಯುಜಿಸಿ ಕಾಯ್ದೆ 1956ರದ್ದು. ಅದರ 22ನೇ ಸೆಕ್ಷನ್ ಪ್ರಕಾರ ಡಿಗ್ರಿ ಕೊಡುವ ಹಕ್ಕು ಇರುವುದು ಸಂಸತ್ತಿನ ಕಾಯ್ದೆ ಅಥವಾ ರಾಜ್ಯದ ಶಾಸನಸಭೆಯ ಕಾಯ್ದೆಯಿಂದ ಹುಟ್ಟಿದ ವಿಶ್ವವಿದ್ಯಾಲಯಗಳಿಗೆ, 3ನೇ ಸೆಕ್ಷನ್ ಅಡಿ ವಿಶ್ವವಿದ್ಯಾಲಯದ ಸ್ಥಾನ ಪಡೆದ 'ಡೀಮ್ಡ್' ಸಂಸ್ಥೆಗಳಿಗೆ, ಮತ್ತೆ ಸಂಸತ್ತು ವಿಶೇಷವಾಗಿ ಅಧಿಕಾರ ಕೊಟ್ಟ ಸಂಸ್ಥೆಗಳಿಗೆ ಮಾತ್ರ. ಬೇರೆ ಯಾರೂ ಕೊಡುವಂತಿಲ್ಲ. ನೀವು ನೋಡಿದ ಪಟ್ಟಿ ಹೇಳುವುದು ಇಷ್ಟನ್ನೇ: ಈ ಹೆಸರಿನ ವಿಶ್ವವಿದ್ಯಾಲಯ ಈ ವಿಳಾಸದಲ್ಲಿ ಇದೆ, ಅದಕ್ಕೆ ಡಿಗ್ರಿ ಕೊಡುವ ಹಕ್ಕಿದೆ. ವಿಳಾಸ ಅಂದೆನಲ್ಲ, ಅದನ್ನು ಗಮನಿಸಿ. ಒಂದು ರಾಜ್ಯದ ಕಾಯ್ದೆಯಿಂದ ಹುಟ್ಟಿದ ಖಾಸಗಿ ವಿಶ್ವವಿದ್ಯಾಲಯ ಇನ್ನೊಂದು ರಾಜ್ಯದಲ್ಲಿ ಕ್ಯಾಂಪಸ್ ತೆರೆಯುವಂತಿಲ್ಲ, ಸ್ಟಡಿ ಸೆಂಟರ್ ಇಡುವಂತಿಲ್ಲ, ಕಾಲೇಜುಗಳನ್ನು ತನ್ನ ಕೆಳಗೆ ಸೇರಿಸಿಕೊಳ್ಳುವಂತಿಲ್ಲ. ಫ್ರ್ಯಾಂಚೈಸಿ ಕೊಡುವ ಮಾತು ದೂರವೇ ಉಳಿಯಿತು. ಅಂದಮೇಲೆ ಉತ್ತರದ ಪ್ರೈವೇಟ್ ಯೂನಿವರ್ಸಿಟಿಯ ರೆಗ್ಯುಲರ್ ಬಿಸಿಎಯನ್ನು ಬಿ.ಎಚ್. ರಸ್ತೆಯ ಮಹಡಿ ಮೇಲೆ ಓದುವುದು ಹೇಗೆ? ರೆಗ್ಯುಲರ್ ಅಂದರೆ ಮಗು ಅಲ್ಲಿಯ ಕ್ಯಾಂಪಸ್ಸಿನಲ್ಲಿ ಕೂತು ಪಾಠ ಕೇಳಬೇಕು. ಇಲ್ಲಿ ಕೂತು ಅಲ್ಲಿ ಹಾಜರಿ ಹಾಕಿಸಿದರೆ ಅದು ಸುಳ್ಳು ಹಾಜರಿ. ಹೆಸರು ರಿಜಿಸ್ಟರಿಗೆ ಹತ್ತಿದರೂ ಕಷ್ಟ, ಹತ್ತದಿದ್ದರೆ ಗೂಡು ಅವರು ಹೇಳಿದ ಕತೆ.

ಇದು ಇವತ್ತಿನ ಸಮಸ್ಯೆಯೂ ಅಲ್ಲ. ಛತ್ತೀಸ್‌ಗಢದಲ್ಲಿ 2002ರಲ್ಲಿ ಒಂದು ಕಾಯ್ದೆ ಮಾಡಿ ಸಿಕ್ಕಾಪಟ್ಟೆ ಖಾಸಗಿ ವಿಶ್ವವಿದ್ಯಾಲಯಗಳಿಗೆ ದಾರಿ ಮಾಡಿಕೊಟ್ಟರು. ಪ್ರೊಫೆಸರ್ ಯಶ್‌ಪಾಲ್ ಸುಪ್ರೀಂ ಕೋರ್ಟಿಗೆ ಹೋದರು. 2005ರಲ್ಲಿ ತೀರ್ಪು ಬಂದು 112 ವಿಶ್ವವಿದ್ಯಾಲಯಗಳು ಒಂದೇ ಏಟಿಗೆ ಹೋದವು. ಕಟ್ಟಡವೂ ಇಲ್ಲ, ಮೇಷ್ಟ್ರೂ ಇಲ್ಲ, ಬೋರ್ಡ್ ಮಾತ್ರ ಇದ್ದಂಥವು ಅದರಲ್ಲಿ ಬೇಕಾದಷ್ಟಿದ್ದವು. ರಾಜ್ಯದ ಕಾಯ್ದೆ ಆ ರಾಜ್ಯದ ಗಡಿಯೊಳಗೆ ಮಾತ್ರ ಅನ್ನುವ ಮಾತನ್ನು ಕೋರ್ಟ್ ಆಗಲೇ ಹೇಳಿದೆ.

ಟೊಮೇಟೊ ಮಂಡಿ
ಗುಮಾಸ್ತರೇ, ಹಂಗಾದ್ರೆ ನ್ಯಾಕ್ ಎ ಪ್ಲಸ್ ಅಂದ್ರೆ ಏನು? ನಮ್ಮ ಮಂಡಿಯಲ್ಲಿ ಬಾಕ್ಸ್ ಮೇಲುಗಡೆ ದಪ್ಪ ಹಣ್ಣು, ತಳದಲ್ಲಿ ಗೋಲಿ ಗಾತ್ರದ್ದು ಇಡ್ತಾರಲ್ಲ, ಅಂಥದ್ದಾ?

ಮಾವಿನ ತೋಪು
ಹಹ್ಹ. ನಾನು ಶ್ರೀನಿವಾಸಪುರದ ಕಡೆಯವಳು, ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ನ್ಯಾಕ್ ತಂಡ ಬರುತ್ತದೆ ಅಂದರೆ ನಮ್ಮಲ್ಲಿ ಸುಣ್ಣಬಣ್ಣದಿಂದ ಹಿಡಿದು ಹೂಕುಂಡದವರೆಗೆ ಏನೇನಾಗುತ್ತದೆ ಅಂತ ನನ್ನನ್ನು ಕೇಳಿ, ಅದು ಬೇರೆ ಕತೆ.

ಗೊಂದಲ ಶುರುವಾಗುವುದು ನಮ್ಮ ಭಾಷೆಯಿಂದಲೇ. ಯುಜಿಸಿಯವರದ್ದನ್ನೂ 'ಮಾನ್ಯತೆ' ಅನ್ನುತ್ತೇವೆ, ನ್ಯಾಕ್‌ನವರದ್ದನ್ನೂ 'ಮಾನ್ಯತೆ' ಅನ್ನುತ್ತೇವೆ. ಎರಡೂ ಬೇರೆ ಬೇರೆ. ಒಂದು ಡಿಗ್ರಿ ಕೊಡುವ ಹಕ್ಕಿನ ಮಾತು. ಇನ್ನೊಂದು ಗುಣಮಟ್ಟಕ್ಕೆ ಕೊಡುವ ಗ್ರೇಡು. ಲೈಸೆನ್ಸ್ ಇರುವ ಹೋಟೆಲಿನಲ್ಲಿ ದೋಸೆ ಕೆಟ್ಟದಾಗಿರಬಹುದು, ಲೈಸೆನ್ಸ್ ಇಲ್ಲದ ತಳ್ಳುಗಾಡಿಯಲ್ಲಿ ಮುಳಬಾಗಿಲು ದೋಸೆ ಸೊಗಸಾಗಿರಬಹುದು. ಡಿಗ್ರಿ ವಿಷಯದಲ್ಲಿ ಮಾತ್ರ ಮೊದಲು ಲೈಸೆನ್ಸ್ ನೋಡಲೇಬೇಕು, ರುಚಿ ಆಮೇಲೆ.

ನ್ಯಾಕ್ 1994ರಲ್ಲಿ ಶುರುವಾಯಿತು. ಮುಖ್ಯ ಕಚೇರಿ ನಮ್ಮ ಬೆಂಗಳೂರಿನ ನಾಗರಭಾವಿಯಲ್ಲೇ ಇದೆ. 4ಕ್ಕೆ ಅಂಕ ಕೊಡುತ್ತಿದ್ದರು. 3.51 ದಾಟಿದರೆ ಎ ಡಬಲ್ ಪ್ಲಸ್, 3.26ರಿಂದ 3.50ರವರೆಗೆ ಎ ಪ್ಲಸ್, ಹೀಗೆ ಸಿ ತನಕ. ಡಿ ಬಂದರೆ ಮಾನ್ಯತೆಯೇ ಇಲ್ಲ. ಸಾಮಾನ್ಯವಾಗಿ ಐದು ವರ್ಷಕ್ಕೆ ಗ್ರೇಡಿನ ಅವಧಿ ಮುಗಿಯುತ್ತದೆ. ಪಾಂಪ್ಲೆಟಿನಲ್ಲಿ ಅವಧಿ ಮುಗಿದ ತಾರೀಕು ಹಾಕುವವರನ್ನು ನಾನಂತೂ ನೋಡಿಲ್ಲ. ಗ್ರೇಡನ್ನೇ ದೇವರು ಅಂತ ನಂಬಬೇಡಿ ಬೇರೆ. 2025ರ ಫೆಬ್ರವರಿಯಲ್ಲಿ ನ್ಯಾಕ್ ತಪಾಸಣೆಗೆ ಹೋದ ತಂಡದವರನ್ನೇ ಲಂಚದ ಕೇಸಿನಲ್ಲಿ ಸಿಬಿಐ ಹಿಡಿದಿತ್ತು, ಪೇಪರಲ್ಲಿ ಓದಿರುತ್ತೀರಿ.

ಮತ್ತೆ ಆ ಐಎಸ್‌ಒ! ಅದು ಕೆಲಸದ ಕ್ರಮಕ್ಕೆ ಕೊಡುವ ಸರ್ಟಿಫಿಕೇಟು, ಬಿಸ್ಕತ್ತು ಫ್ಯಾಕ್ಟರಿಗೂ ಸಿಗುತ್ತದೆ. 'ಭಾರತ ಸರ್ಕಾರದಿಂದ ನೋಂದಣಿ' ಅಂದರೆ ಒಂದು ಟ್ರಸ್ಟೋ ಕಂಪನಿಯೋ ರಿಜಿಸ್ಟರ್ ಆಗಿದೆ ಅಂತ ಅಷ್ಟೇ. ಡಿಗ್ರಿಗೂ ಅದಕ್ಕೂ ಏನೇನೂ ಸಂಬಂಧ ಇಲ್ಲ.

ಕೆಜಿಎಫ್ ಪ್ಯಾಸೆಂಜರ್
ನೀವೆಲ್ಲ ಸುಮ್ನೆ ಹೆದರಿಸ್ತಾ ಇದ್ದೀರಿ. ನಾನು ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ದಿನಾ ರೈಲಲ್ಲಿ ಹೋಗಿ ಬರುತ್ತೇನೆ. ನಮ್ಮಲ್ಲಿ ಕೋಡ್ ಬರೆಯೋಕೆ ಬಂದರೆ ಸಾಕು. ಡಿಗ್ರಿ ಯಾವ ಊರದ್ದು ಅಂತ ಯಾರೂ ಕೇಳಲ್ಲ.

ಮಾವಿನ ತೋಪು
ಇಂಟರ್‌ವ್ಯೂನಲ್ಲಿ ಕೇಳಲ್ಲ ಸಾರ್, ಸೇರಿದ ಮೇಲೆ ಕೇಳುತ್ತಾರೆ. ದೊಡ್ಡ ಕಂಪನಿಗಳು ಹಿನ್ನೆಲೆ ಪರಿಶೀಲನೆಗೆ ಬೇರೆ ಏಜೆನ್ಸಿಗೆ ಕೊಡುತ್ತವೆ. ಅವರು ನೇರ ಯೂನಿವರ್ಸಿಟಿಗೆ ಬರೆಯುತ್ತಾರೆ. ನನ್ನ ಹಳೇ ಸ್ಟೂಡೆಂಟ್ ಒಬ್ಬನಿಗೆ ಅಂಕಪಟ್ಟಿಯಲ್ಲಿ ಹೆಸರಿನ ಒಂದು ಅಕ್ಷರ ತಪ್ಪಿದ್ದಕ್ಕೆ ಒಂದು ತಿಂಗಳು ಎಳೆದಾಡಿದರು. ಇನ್ನು ರಿಜಿಸ್ಟರಲ್ಲಿ ಹೆಸರೇ ಇಲ್ಲ ಅಂದರೆ? ಮುಂದೆ ಎಂಸಿಎ ಮಾಡಬೇಕು, ಬಿ.ಇಡಿ. ಮಾಡಬೇಕು, ಸರ್ಕಾರಿ ಪರೀಕ್ಷೆ ಬರೆಯಬೇಕು ಅಂದಾಗಲೂ ಇದೇ ಡಿಗ್ರಿಯ ಮೇಲೇ ನಿಲ್ಲಬೇಕಲ್ಲ.

ಕೆಜಿಎಫ್ ಪ್ಯಾಸೆಂಜರ್
ಹೌದು ಮೇಡಂ, ಅದು ಒಪ್ಪುವ ಮಾತೇ. ನಮ್ಮ ಟೀಮಿನಲ್ಲೂ ಒಬ್ಬ ಮೂರನೇ ತಿಂಗಳಿಗೆ ಇದ್ದಕ್ಕಿದ್ದಂತೆ ಬಿಟ್ಟು ಹೋದ, ಯಾಕೆ ಅಂತ ಯಾರೂ ಬಾಯಿಬಿಡಲಿಲ್ಲ. ಈಗ ಅರ್ಥ ಆಗ್ತಾ ಇದೆ.

ತಿಪಟೂರು ಕೊಬ್ಬರಿ
ಹೆಸರಿನ ಬಗ್ಗೆ ಒಂದು ಮಾತು. ಬೋರ್ಡ್ ಮೇಲೆ 'ಯೂನಿವರ್ಸಿಟಿ' ಅಂತ ಇದ್ದರೆ ಅಸಲಿ, ಇಲ್ಲದಿದ್ದರೆ ನಕಲಿ ಅಂತ ನಮ್ಮ ಕಡೆ ಬಹಳ ಜನ ತಿಳಿದಿದ್ದಾರೆ. ಉಲ್ಟಾನೂ ಇರುತ್ತದೆ. ತುಮಕೂರಿನ ಶ್ರೀ ಸಿದ್ಧಾರ್ಥ ಅಕಾಡೆಮಿ, ಕೋಲಾರದ ತಮಕದಲ್ಲಿರುವ ಶ್ರೀ ದೇವರಾಜ ಅರಸ್ ಅಕಾಡೆಮಿ, ಎರಡೂ ಡೀಮ್ಡ್ ವಿಶ್ವವಿದ್ಯಾಲಯಗಳು, ಡಿಗ್ರಿ ಕೊಡುವ ಹಕ್ಕಿದೆ. ಹೆಸರು ಮಾತ್ರ ಅಕಾಡೆಮಿ. 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಡೀಮ್ಡ್ ಸಂಸ್ಥೆಗಳು ಹೆಸರಿನ ಜೊತೆ 'ಯೂನಿವರ್ಸಿಟಿ' ಅಂತ ಬಳಸುವಂತಿಲ್ಲ. ಅತ್ತ ಯುಜಿಸಿಯ ನಕಲಿ ಪಟ್ಟಿ ತೆಗೆದು ನೋಡಿ. ವಿಶ್ವವಿದ್ಯಾಲಯ, ವಿದ್ಯಾಪೀಠ, ಓಪನ್ ಯೂನಿವರ್ಸಿಟಿ, ಒಂದಕ್ಕಿಂತ ಒಂದು ಗಂಭೀರ ಹೆಸರು. ಆ ಪಟ್ಟಿಯಲ್ಲಿ ದೆಹಲಿಯದ್ದೇ ಜಾಸ್ತಿ. ನಮ್ಮ ಗೋಕಾಕದ ವಿಳಾಸದ್ದೂ ಒಂದು ವರ್ಷಗಟ್ಟಲೆ ಅಲ್ಲಿತ್ತು.

ಅದೇ 2017ರ ತೀರ್ಪು ನಮ್ಮ ಭಾವನ ಕಾಲದ ಡಿಪ್ಲೊಮಾದವರನ್ನು ನಡುಗಿಸಿತ್ತು. ಕೆಲವು ಡೀಮ್ಡ್ ಸಂಸ್ಥೆಗಳು ಅನುಮತಿ ಇಲ್ಲದೆ ಅಂಚೆ ಮೂಲಕ ಎಂಜಿನಿಯರಿಂಗ್ ಡಿಗ್ರಿ ಕೊಟ್ಟಿದ್ದವು. ಕೆಲಸ ಮಾಡಿಕೊಂಡೇ ಬಿ.ಇ. ಆಗುತ್ತದೆ ಅಂತ ಸೇರಿದವರೆಲ್ಲ ಬಡ್ತಿಯನ್ನೂ ತೆಗೆದುಕೊಂಡಿದ್ದರು. ಕೋರ್ಟ್ ಆ ಡಿಗ್ರಿಗಳನ್ನು ಒಪ್ಪಲಿಲ್ಲ. 2001ರಿಂದ 2005ರ ನಡುವೆ ಸೇರಿದವರಿಗೆ ಮಾತ್ರ ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಎಐಸಿಟಿಇಯ ಪರೀಕ್ಷೆ ಬರೆದು ಉಳಿಸಿಕೊಳ್ಳುವ ಅವಕಾಶ ಕೊಟ್ಟಿತು. ಕೂದಲು ಬೆಳ್ಳಗಾದ ಮೇಲೆ ಕೂತು ಗಣಿತ ಓದಬೇಕಾದವರ ಗತಿ ಯೋಚನೆ ಮಾಡಿ.

ಚಿಂತಾಮಣಿ ಅಕ್ಕ
ನಂದೂ ಒಂದು ಪ್ರಶ್ನೆ. ಮಗಳಿಗೆ ಬಿ.ಎಸ್ಸಿ. ನರ್ಸಿಂಗ್ ಕೊಡಿಸಬೇಕು. ನಮ್ಮ ಮನೆಗೂ ಒಬ್ಬರು ಬಂದು ಕೂತಿದ್ದಾರೆ. ಕಾಲೇಜಿಗೆ ದಿನಾ ಹೋಗಬೇಕಾಗಿಲ್ಲ, ತಿಂಗಳಿಗೆ ಎರಡು ದಿನ ಹೋದರೆ ಸಾಕು ಅಂತಾರೆ. ಇದು ನಡೆಯುತ್ತದಾ?

ಹಳೇ ಗುಮಾಸ್ತ
ಬೇಡಮ್ಮ, ಬೇಡ. ಅವರಿಗೆ ಕಾಫಿ ಕೊಟ್ಟು ಕಳಿಸಿಬಿಡಿ. ನರ್ಸಿಂಗ್, ಫಾರ್ಮಸಿ, ಎಂಜಿನಿಯರಿಂಗ್, ವೈದ್ಯಕೀಯ, ಕಾನೂನು ಇವನ್ನೆಲ್ಲ ದೂರಶಿಕ್ಷಣದಲ್ಲಿ ಮಾಡುವಂತೆಯೇ ಇಲ್ಲ. ತಿಂಗಳಿಗೆ ಎರಡು ದಿನ ಹೋಗಿ ಸೂಜಿ ಚುಚ್ಚುವುದನ್ನು ಕಲಿತವರ ಕೈಗೆ ನೀವು ಕೈ ಕೊಡುತ್ತೀರಾ?

ನಮ್ಮ ರಾಜ್ಯದ ನರ್ಸಿಂಗ್ ಕಾಲೇಜುಗಳಲ್ಲಿ ಹೆಚ್ಚಿನವು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕೆಳಗೆ ಬರುತ್ತವೆ. ಅವರ ವೆಬ್‌ಸೈಟಿನಲ್ಲಿ ಸಂಯೋಜಿತ ಕಾಲೇಜುಗಳ ಪಟ್ಟಿ ಇದೆ. ಕಾಲೇಜಿನ ಹೆಸರು ಸಿಕ್ಕ ತಕ್ಷಣ ಖುಷಿಪಡಬೇಡಿ, ಆ ಕಾಲೇಜಿಗೆ ಬಿ.ಎಸ್ಸಿ. ನರ್ಸಿಂಗ್ ಇದೆಯಾ, ಈ ವರ್ಷಕ್ಕೆ ಸೀಟು ಎಷ್ಟು ಅಂತ ನೋಡಿ. ಆಮೇಲೆ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲೂ ವಿಚಾರಿಸಿ, ಯಾಕೆಂದರೆ ಓದು ಮುಗಿದ ಮೇಲೆ ಮಗಳು ಹೆಸರು ನೋಂದಾಯಿಸಬೇಕಾಗಿರುವುದು ಅಲ್ಲೇ. ನೋಂದಣಿ ಆಗದಿದ್ದರೆ ಡಿಗ್ರಿ ಗೋಡೆಗೆ ಮಾತ್ರ. ರಾಜ್ಯದ ಪರೀಕ್ಷಾ ಪ್ರಾಧಿಕಾರ ಕೆಇಎ ಸೀಟು ಹಂಚುವ ಕಾಲೇಜುಗಳ ಪಟ್ಟಿಯೂ ಒಂದು ಒಳ್ಳೆಯ ಅಡ್ಡಪರೀಕ್ಷೆ.

ಬೇರೆ ಕೋರ್ಸಿನವರೂ ಹೀಗೇ ಅವರವರ ಮನೆದೇವರನ್ನು ಕೇಳಬೇಕು. ಬಿ.ಇಡಿ.ಗೆ ಎನ್‌ಸಿಟಿಇ, ಕಾನೂನಿಗೆ ಬಾರ್ ಕೌನ್ಸಿಲ್, ಫಾರ್ಮಸಿಗೆ ಫಾರ್ಮಸಿ ಕೌನ್ಸಿಲ್, ಎಂಬಿಬಿಎಸ್‌ಗೆ ಎನ್‌ಎಂಸಿ.

ಬಿಎಚ್ ರೋಡ್ ಬಸ್ಸು
ಸಾರಿ ಗುರು, ನಾನು ದುಡುಕಿ ಹೇಳಿದೆ. ದೂರಶಿಕ್ಷಣ ಅಂದಿರಲ್ಲ, ಅದು ಪೂರ್ತಿ ಮೋಸವಾ? ನಾನು ಅಂಗಡಿ ನೋಡಿಕೊಂಡು ಬಿ.ಕಾಂ. ಮುಗಿಸೋಣ ಅಂತಿದ್ದೆ.

ಹಳೇ ಗುಮಾಸ್ತ
ಮೋಸ ಅಲ್ಲಪ್ಪ, ಚೆನ್ನಾಗಿಯೇ ಇದೆ. ಕೇಂದ್ರದ ಮುಕ್ತ ವಿಶ್ವವಿದ್ಯಾಲಯ ಇಗ್ನೋ 1985ರಿಂದ ಇದೆ, ಮೈಸೂರಿನ ನಮ್ಮ ಮುಕ್ತ ವಿಶ್ವವಿದ್ಯಾಲಯ 1996ರಿಂದ ಇದೆ. ದೂರಶಿಕ್ಷಣಕ್ಕೂ ಆನ್‌ಲೈನ್‌ಗೂ ಯುಜಿಸಿಯಲ್ಲಿ ಬೇರೆ ವಿಭಾಗ, ದೂರಶಿಕ್ಷಣ ಬ್ಯೂರೋ (ಡಿಇಬಿ) ಅಂತ. ಯಾವ ವಿಶ್ವವಿದ್ಯಾಲಯ, ಯಾವ ಕೋರ್ಸು, ಯಾವ ವರ್ಷಕ್ಕೆ ಅನುಮತಿ ಅಂತ ಅವರ ವೆಬ್‌ಸೈಟಲ್ಲಿ ಹಾಕುತ್ತಾರೆ. ವರ್ಷ ನೋಡುವುದು ಯಾಕೆ ಮುಖ್ಯ ಅಂದರೆ ನಮ್ಮ ಮುಕ್ತ ವಿಶ್ವವಿದ್ಯಾಲಯಕ್ಕೇ 2015ರಲ್ಲಿ ಮಾನ್ಯತೆ ಹೋಗಿ 2018ರಲ್ಲಿ ಮತ್ತೆ ಸಿಕ್ಕಿತು. ಸರ್ಕಾರಿ ವಿಶ್ವವಿದ್ಯಾಲಯಕ್ಕೇ ಹೀಗಾಗಬಹುದು ಅಂದಮೇಲೆ ಹೋದ ವರ್ಷದ ಪಟ್ಟಿ ನಂಬಿ ಈ ವರ್ಷ ಸೇರಬಾರದು. 2024ರಿಂದ ಸೇರುವ ವಿದ್ಯಾರ್ಥಿಯೇ ಡಿಇಬಿ ಐಡಿ ಮಾಡಿಕೊಳ್ಳಬೇಕು. ಅದನ್ನು ನಿಮ್ಮ ಆಧಾರ್, ಎಬಿಸಿ ಐಡಿ (ಓದಿನ ಕ್ರೆಡಿಟ್ ಜಮಾ ಆಗುವ ಖಾತೆ) ಇಟ್ಟುಕೊಂಡು ನೀವೇ ಮಾಡಿ. 'ಅದೆಲ್ಲ ನಾವು ನೋಡಿಕೊಳ್ಳುತ್ತೇವೆ' ಅನ್ನುವವರ ಕೈಗೆ ಓಟಿಪಿ ಕೊಡಬೇಡಿ.

ಶಿಡ್ಲಘಟ್ಟದ ಗೂಡು
ವೆಬ್‌ಸೈಟ್ ವಿಷಯ ನಾನೂ ಸೇರಿಸುತ್ತೇನೆ. ಅವರು ಕಳಿಸಿದ ಲಿಂಕ್ ಒತ್ತಬೇಡಿ. ನೀವೇ ಟೈಪ್ ಮಾಡಿ ಯುಜಿಸಿಗೆ ಹೋಗಿ, ಅಲ್ಲಿರುವ ಯೂನಿವರ್ಸಿಟಿ ವಿಳಾಸದಿಂದ ಮುಂದೆ ಹೋಗಿ. ನಮ್ಮ ಚಿಕ್ಕಪ್ಪನ ಮಗನಿಗೆ ತೋರಿಸಿದ್ದ ಸೈಟ್ ಥೇಟ್ ಅಸಲಿ ಥರವೇ ಇತ್ತು, ನೋಂದಣಿ ಸಂಖ್ಯೆ ಹಾಕಿದರೆ ರಿಸಲ್ಟ್ ಕೂಡ ಬರುತ್ತಿತ್ತು! ಡಾಟ್ ಎಸಿ ಡಾಟ್ ಇನ್ ವಿಳಾಸ ದಾಖಲೆ ಕೊಟ್ಟ ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ಸಿಗುತ್ತದೆ. ಡಾಟ್ ಕಾಮ್, ಡಾಟ್ ಓಆರ್‌ಜಿ ಯಾರು ಬೇಕಾದರೂ ಕೊಳ್ಳಬಹುದು. ಹಾಗಂತ ಡಾಟ್ ಕಾಮ್ ಇರುವವರೆಲ್ಲ ಕಳ್ಳರು ಅಂತ ಅಲ್ಲ.

ಟೊಮೇಟೊ ಮಂಡಿ
ನನ್ನ ಡಿಗ್ರಿಯಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಅಂತ ಇದೆ, ನನ್ನ ತಮ್ಮನದರಲ್ಲಿ ಬೆಂಗಳೂರು ಉತ್ತರ ಅಂತ ಇದೆ. ಇಬ್ಬರೂ ಕೋಲಾರದ ಒಂದೇ ಕಾಲೇಜು. ಇದೂ ಏನಾದರೂ ಗೋಲ್‌ಮಾಲಾ?

ಹಳೇ ಗುಮಾಸ್ತ
ಇಲ್ಲ ಮಾರಾಯ. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಮೂರು ಭಾಗ ಆಯಿತು. ಕೋಲಾರ, ಚಿಕ್ಕಬಳ್ಳಾಪುರ ಎಲ್ಲ ಬೆಂಗಳೂರು ಉತ್ತರಕ್ಕೆ ಬಂದವು. ತುಮಕೂರಿನವರಿಗೆ 2004ರಲ್ಲೇ ಬೇರೆ ವಿಶ್ವವಿದ್ಯಾಲಯ ಆಗಿತ್ತು. ನಿಮ್ಮದು ಹಳೇ ಚೀಲ, ತಮ್ಮನದು ಹೊಸ ಚೀಲ.

ಮಧುಗಿರಿ ಬೆಟ್ಟ
ಎಲ್ಲರಿಗೂ ಅಪ್ಡೇಟ್. ಇವತ್ತು ರಜೆ ಹಾಕಿ ಅಪ್ಪನ ಜೊತೆ ನಾನೇ ಹೋದೆ. ಮೆಟ್ಟಿಲು ಹತ್ತಿದರೆ ಎರಡು ಮೇಜು, ಒಂದು ಎಸಿ, ಗೋಡೆ ತುಂಬ ಫ್ರೇಮ್ ಹಾಕಿದ ಸರ್ಟಿಫಿಕೇಟು. ಕ್ಲಾಸ್‌ರೂಮ್ ಎಲ್ಲಿ ಅಂದರೆ 'ಮುಂದಿನ ತಿಂಗಳು ಶಿಫ್ಟ್ ಆಗುತ್ತೇವೆ' ಅಂದರು. ನಾನು ಜಗಳಕ್ಕೆ ಹೋಗಲಿಲ್ಲ. ಸಾರ್, ತುಮಕೂರಲ್ಲಿ ಕ್ಲಾಸ್ ನಡೆಸಲು ಯುಜಿಸಿ ಕೊಟ್ಟ ಅನುಮತಿ ಪತ್ರ ಒಂದು ತೋರಿಸಿ, ಫೋಟೋ ತೆಗೆದುಕೊಳ್ಳುತ್ತೇನೆ ಅಂದೆ. ಒಂದು ಎಂಒಯು, ಅಂದರೆ ಒಪ್ಪಂದದ ಕಾಪಿ ಕೊಟ್ಟರು. ಅದರಲ್ಲಿ ಒಂದು ಕಡೆ ಯಾವುದೋ ಟ್ರಸ್ಟ್, ಇನ್ನೊಂದು ಕಡೆ ಇವರು. ಯೂನಿವರ್ಸಿಟಿಯ ಸಹಿಯೇ ಇಲ್ಲ! ಅಲ್ಲೇ ಕೂತು, ಯುಜಿಸಿ ಪಟ್ಟಿಯಲ್ಲಿದ್ದ ವಿಳಾಸದಿಂದ ಯೂನಿವರ್ಸಿಟಿಯ ಸೈಟಿಗೆ ಹೋಗಿ, ಅಲ್ಲಿಯ ರಿಜಿಸ್ಟ್ರಾರ್ ಕಚೇರಿಗೆ ಫೋನ್ ಮಾಡಿದೆ. ನನ್ನ ಹರಕು ಹಿಂದಿಯಲ್ಲಿ ಕೇಳಿದೆ. ಕರ್ನಾಟಕದಲ್ಲಿ ನಮ್ಮದು ಯಾವ ಸೆಂಟರೂ ಇಲ್ಲ ಅಂದರು. ಸ್ಪೀಕರ್ ಆನ್ ಇತ್ತು. ಅಪ್ಪನ ಮುಖ ನೋಡೋಕೆ ಆಗಲಿಲ್ಲ.

ಅಡ್ವಾನ್ಸ್ ಕೇಳಿದರೆ ಪ್ರೊಸೆಸಿಂಗ್ ಫೀ ಅಂತ ಹೇಳಿ ಮುರಿದುಕೊಂಡು 5,000 ಕೊಟ್ಟರು. ಅಂಕಪಟ್ಟಿ ಮಾತ್ರ 'ಹೆಡ್ ಆಫೀಸಿಗೆ ಹೋಗಿದೆ' ಅಂತಿದ್ದಾರೆ.

ಹಳೇ ಗುಮಾಸ್ತ
ಅಂಕಪಟ್ಟಿ ಬಿಡಬೇಡಿ. ನಿಜವಾದ ವಿಶ್ವವಿದ್ಯಾಲಯವೇ ಒರಿಜಿನಲ್ ಇಟ್ಟುಕೊಳ್ಳುವಂತಿಲ್ಲ, ನೋಡಿ ವಾಪಸ್ ಕೊಡಬೇಕು ಅಂತ ಯುಜಿಸಿ 2018ರಲ್ಲೇ ಹೇಳಿದೆ. ಇನ್ನು ಈ ಮಹಡಿ ಆಫೀಸಿನವರು ಯಾರು? ಯಾವ ದಿನ ಏನೇನು ಕೊಟ್ಟಿರಿ ಅಂತ ಬರೆದು, ರಸೀದಿ ಜೆರಾಕ್ಸ್ ಇಟ್ಟು, ಇಷ್ಟನೇ ತಾರೀಕಿನ ಒಳಗೆ ಕೊಡದಿದ್ದರೆ ಪೊಲೀಸ್ ದೂರು ಕೊಡುತ್ತೇವೆ ಅಂತ ಒಂದು ಪತ್ರ ಕೊಡಿ. ಇನ್ನೊಂದು ಪ್ರತಿಯಲ್ಲಿ ಅವರ ಸಹಿ ತೆಗೆದುಕೊಳ್ಳಿ. ಸಹಿ ಹಾಕಲ್ಲ ಅಂದರೆ ಸ್ಪೀಡ್ ಪೋಸ್ಟ್ ಮಾಡಿ.

ಚಿಂತಾಮಣಿ ಅಕ್ಕ
ನಾನೂ ಇವತ್ತು ಅವರಿಗೆ ಕಾಫಿ ಕೊಟ್ಟು ಕಳಿಸಿದೆ ಗುಮಾಸ್ತರೇ.

ಮಧುಗಿರಿ ಬೆಟ್ಟ
ಎಂಟು ದಿನ ಆಯಿತು, ಬರೆಯಲು ಆಗಿರಲಿಲ್ಲ. ಗುಮಾಸ್ತರು ಹೇಳಿದಂತೆ ಪತ್ರ ಕೊಟ್ಟೆ. ಸಹಿ ಹಾಕಲಿಲ್ಲ, ಪೋಸ್ಟ್ ಮಾಡಿದೆ. ನಾಲ್ಕನೇ ದಿನ ಅವರೇ ಫೋನ್ ಮಾಡಿ ಬಂದು ತೆಗೆದುಕೊಂಡು ಹೋಗಿ ಅಂದರು. ಹೆಡ್ ಆಫೀಸಿಗೆ ಹೋಗಿದ್ದ ಅಂಕಪಟ್ಟಿಗಳು ಅದೇ ಮೇಜಿನ ಡ್ರಾಯರಿನಿಂದ ಬಂದವು.

ತಂಗಿಯನ್ನು ಇಲ್ಲೇ ತುಮಕೂರು ವಿಶ್ವವಿದ್ಯಾಲಯದ ಕೆಳಗಿರುವ ಕಾಲೇಜಿಗೆ ಸೇರಿಸಿದೆವು. ಈ ಸಲ ಸಂಯೋಜಿತ ಕಾಲೇಜುಗಳ ಪಟ್ಟಿ ನೋಡಿದೆ, ಅದರಲ್ಲಿ ಬಿಸಿಎ ಇದೆಯಾ ನೋಡಿದೆ. ಬಿಸಿಎ 2024-25ರಿಂದ ಎಐಸಿಟಿಇ ವ್ಯಾಪ್ತಿಗೆ ಬಂದಿದೆ ಅಂತ ಗೊತ್ತಾಯಿತು, ಹಾಗಾಗಿ ಈ ವರ್ಷದ ಅನುಮೋದನೆ ಪತ್ರವನ್ನೂ ಕೇಳಿದೆ. ಪ್ರಿನ್ಸಿಪಾಲರು ಮೊದಲು ನನ್ನನ್ನು ಮೇಲಿಂದ ಕೆಳಗೆ ನೋಡಿದರು, ಆಮೇಲೆ ಕಾಲೇಜಿನ ಗುಮಾಸ್ತರನ್ನು ಕರೆದು ತೋರಿಸಲು ಹೇಳಿದರು. ದಿನಾ ಬಸ್ಸಲ್ಲಿ ಓಡಾಡಬೇಕು, ಅವಳಿಗೆ ಅದೊಂದೇ ಬೇಜಾರು.

ಒಂದೇ ಸಂಕಟ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಫೈಲ್ ಮಾಡಲು ಪಂಚಿಂಗ್ ಮೆಷಿನ್‌ನಿಂದ ಎರಡು ತೂತು ಹೊಡೆದಿದ್ದಾರೆ.

ಹಳೇ ಗುಮಾಸ್ತ
ಅಯ್ಯೋ ಪಾಪಿಗಳಾ. ನೋಂದಣಿ ಸಂಖ್ಯೆ ಮೇಲೆ ಬಿದ್ದಿದೆಯಾ?

ಮಧುಗಿರಿ ಬೆಟ್ಟ
ಇಲ್ಲ ಸಾರ್, ಅಂಚಿನಲ್ಲಿ. ಒಂದು ಮಾತ್ರ ಅಪ್ಪನ ಹೆಸರಿನ ಕೊನೆಯ ಅಕ್ಷರಕ್ಕೆ ಸ್ವಲ್ಪ ತಾಗಿದೆ, ಓದೋಕೆ ಬರುತ್ತದೆ.